ಆಕಳಿಗೆ ಆಂಟಿಬಯೋಟಿಕ್: ಯಾವ ಔಷಧಿ ಹೇಗೆ ಕೆಲಸ ಮಾಡ್ತದೆ, ಎಲ್ಲಿ ತೊಂದರೆ ಕೊಡ್ತದೆ?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಯುವ ಹೈನುಗಾರರು ನನಗೆ ವಾಟ್ಸಾಪ್‌ನಲ್ಲಿ ಕಳಿಸೋ ಫೋಟೊಗಳಲ್ಲಿ ಹೆಚ್ಚಿನವು ಎರಡೇ ತರದವು. ಒಂದು, ಬಾತ ಕೆಚ್ಚಲು. ಇನ್ನೊಂದು, ಔಷಧಿ ಅಂಗಡಿಯಿಂದ ತಂದ ಬಾಟಲಿ. ಕೆಳಗೆ ಒಂದೇ ಪ್ರಶ್ನೆ: "ಸರ್, ಇದನ್ನ ಹಾಕಿದ್ರ ನಡೀತದೇನ್ರಿ?" ಬಾಟಲಿ ನೋಡಿ ಹೂಂ, ಊಹೂಂ ಅನ್ನೋದಕ್ಕಿಂತ ಒಳಗಿನ ಔಷಧಿ ಏನು ಮಾಡ್ತದೆ ಅಂತ ತಿಳಿಸೋದು ಒಳ್ಳೇದು ಅನ್ನಿಸಿ ಈ ವಾರ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಆಂಟಿಬಯೋಟಿಕ್ ಕೊಲ್ಲೋದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಎಷ್ಟೋ ಮನೆಗಳಲ್ಲಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಆಯಿತು. ಚರ್ಮಗಂಟು, ಕಾಲುಬಾಯಿ ಎರಡೂ ವೈರಸ್ ರೋಗಗಳು. ಅಲ್ಲಿ ಆಂಟಿಬಯೋಟಿಕ್ ಬೇಕಾಗೋದು ಗಾಯಕ್ಕೆ ಕೀವು ಹಿಡಿದರೆ ಅಥವಾ ಪುಪ್ಪುಸಕ್ಕೆ ಸೋಂಕು ಇಳಿದರೆ ಮಾತ್ರ.

ಪೆನಿಸಿಲಿನ್ ಗುಂಪಿನಿಂದ ಶುರು ಮಾಡೋಣ. ಆಂಪಿಸಿಲಿನ್, ಅಮಾಕ್ಸಿಸಿಲಿನ್ ಇದೇ ಮನೆತನದವು. ಸೆಫ್ಟ್ರಿಯಾಕ್ಸೋನ್ ಇವುಗಳ ದಾಯಾದಿ. ಬ್ಯಾಕ್ಟೀರಿಯಾದ ಸುತ್ತ ಒಂದು ಗೋಡೆ ಇರ್ತದೆ. ಬೆಳೆಯುವಾಗ ಅದು ಗೋಡೆ ಕಟ್ಟುತ್ತಲೇ ಇರಬೇಕು. ಪೆನಿಸಿಲಿನ್ ಆ ಗವಂಡಿಯ ಕೈ ಹಿಡೀತದೆ, ಗೋಡೆ ಒಡೆದು ಬ್ಯಾಕ್ಟೀರಿಯಾ ಸಾಯ್ತದೆ. ಆಕಳ ಜೀವಕೋಶಕ್ಕೆ ಇಂಥ ಗೋಡೆ ಇಲ್ಲ, ಹಾಗಾಗಿ ಇದು ಸಾಕಷ್ಟು ಸುರಕ್ಷಿತ. ಭಯ ಇರೋದು ಅಲರ್ಜಿಯದು. ಚುಚ್ಚಿದ ಕೆಲವೇ ನಿಮಿಷದಲ್ಲಿ ಮುಖ ಬಾತು, ಏದುಸಿರು ಬಂದು, ಜಾನುವಾರು ಕುಸಿಯಬಹುದು. ಅದಕ್ಕೇ ಇಂಜೆಕ್ಷನ್ ಆದ ಮೇಲೆ ಅರ್ಧ ತಾಸಾದರೂ ದನದ ಹತ್ತಿರ ಇರ್ರಿ.

ಆಕ್ಸಿಟೆಟ್ರಾಸೈಕ್ಲಿನ್, ಅಂದರೆ ನಮ್ಮವರು ಟೆರಾಮೈಸಿನ್ ಅನ್ನೋ ಹಳದಿ ಔಷಧಿ, ಬ್ಯಾಕ್ಟೀರಿಯಾವನ್ನು ಕೊಲ್ಲೋದಕ್ಕಿಂತ ಅದರ ಬೆಳವಣಿಗೆ ನಿಲ್ಲಿಸ್ತದೆ. ಪ್ರೋಟೀನ್ ತಯಾರಿಸಲು ಬಿಡೋದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಪೆನಿಸಿಲಿನ್ ಕೆಲಸ ಮಾಡೋದು ಬ್ಯಾಕ್ಟೀರಿಯಾ ಬೆಳೆಯುತ್ತಿರುವಾಗ. ಇದು ಬೆಳವಣಿಗೆಯನ್ನೇ ನಿಲ್ಲಿಸಿದರೆ ಪೆನಿಸಿಲಿನ್‌ಗೆ ಕೆಲಸ ಉಳಿಯೋದಿಲ್ಲ. "ಎರಡೂ ಹಾಕ್ರಿ, ಲಗೂನ ಗುಣ ಆಗ್ತದ" ಅನ್ನೋರ ಮಾತು ಕೇಳಬೇಡಿ. ಇದನ್ನು ರಕ್ತನಾಳಕ್ಕೆ ಸರ್ರನೆ ಬಿಟ್ಟರೆ ದನ ಬೀಳುವ ಅಪಾಯವಿದೆ, ಯಾಕಂದರೆ ಇದು ರಕ್ತದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕ್ತದೆ. ಸ್ನಾಯುವಿಗೆ ಕೊಟ್ಟರೆ ಆ ಜಾಗ ಬಾಯ್ತದೆ.

ಜೆಂಟಾಮೈಸಿನ್ ಬಗ್ಗೆ ನನಗೆ ಹೆಚ್ಚು ಎಚ್ಚರ. ಇದೂ ಪ್ರೋಟೀನ್ ಕೆಡಿಸಿ ಕೊಲ್ಲೋ ಔಷಧಿ, ಜೋರಾದದ್ದು. ಆದರೆ ಮೂತ್ರಪಿಂಡದಲ್ಲಿ ಹೋಗಿ ಕೂತುಬಿಡ್ತದೆ, ಅಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಭೇದಿಯಾಗಿ ನೀರು ಕಳಕೊಂಡ ಕರುವಿಗೆ ಜೆಂಟಾ ಕೊಟ್ಟು, ಜೊತೆಗೆ ನೋವಿನ ಇಂಜೆಕ್ಷನ್ನೂ ಕೊಟ್ಟರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಪೆಟ್ಟು.

ಎನ್ರೋಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾದ ಡಿಎನ್‌ಎ ಸುರುಳಿ ಬಿಚ್ಚಿ ನಕಲಾಗೋದನ್ನು ತಡೀತದೆ. ಬೆಳೆಯೋ ನಾಯಿಮರಿ, ಕುದುರೆಮರಿಗಳಲ್ಲಿ ಕೀಲಿನ ಮೆದು ಎಲುಬನ್ನು ಕೆಡಿಸಬಹುದು. ಇನ್ನೊಂದು ವಿಷಯ: ಆಕಳ ದೇಹದಲ್ಲಿ ಇದರ ಒಂದು ಪಾಲು ಸಿಪ್ರೋಫ್ಲಾಕ್ಸಾಸಿನ್ ಆಗಿ ಬದಲಾಗ್ತದೆ. ಅದೇ ಸಿಪ್ರೊ, ನಿಮ್ಮ ಮನೆಯವರಿಗೆ ಡಾಕ್ಟರು ಬರೆದುಕೊಡೋ ಗುಳಿಗೆ. ಕೊಟ್ಟಿಗೆಯಲ್ಲಿ ಬ್ಯಾಕ್ಟೀರಿಯಾ ಈ ಔಷಧಿಗೆ ಪಳಗಿದರೆ ಮನೆಯೊಳಗಿನವರ ಗುಳಿಗೆಯೂ ಕೆಲಸ ಮಾಡದೇ ಹೋಗಬಹುದು. ಸರ್ಕಾರ 2019ರಲ್ಲಿ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕೆ ಬಳಸುವ ಪ್ರಾಣಿಗಳಿಗೆ ಕೊಡಬಾರದೆಂದು ನಿಷೇಧಿಸಿದ್ದು ಇಂಥ ಕಾರಣಕ್ಕೇ.

ಸಲ್ಫಾ ಗುಳಿಗೆ ಕೊಟ್ಟಾಗ ನೀರು ಧಾರಾಳ ಕುಡಿಸಿ, ಇಲ್ಲದಿದ್ದರೆ ಮೂತ್ರದಲ್ಲಿ ಹರಳುಗಟ್ಟಬಹುದು. ಮೆಲುಕು ಹಾಕೋ ದೊಡ್ಡ ದನಕ್ಕೆ ಬಾಯಿಂದ ಯಾವ ಆಂಟಿಬಯೋಟಿಕ್ ಕೊಟ್ಟರೂ ಹೊಟ್ಟೆಯೊಳಗೆ ಮೇವು ಅರಗಿಸೋ ಒಳ್ಳೆ ಸೂಕ್ಷ್ಮಜೀವಿಗಳೂ ಸಾಯ್ತವೆ. ಮೇವು ಬಿಡ್ತದೆ, ಸಗಣಿ ತೆಳ್ಳಗಾಗ್ತದೆ.

ಈಗ ಹಾಲಿನ ವಿಷಯ. ಬಾಟಲಿ ಮೇಲೆ ಹಾಲು ಬಿಡಬೇಕಾದ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ. ಬರೆದಿಲ್ಲದಿದ್ದರೆ ನಮ್ಮ ದೇಶದ ಔಷಧ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಲೆಕ್ಕ ಶುರುವಾಗೋದು ಕೊನೇ ಡೋಸ್‌ನಿಂದ. ಒಂದೇ ಮೊಲೆಗೆ ಟ್ಯೂಬ್ ಏರಿಸಿದರೂ ಔಷಧಿ ರಕ್ತಕ್ಕೆ ಸೇರಿ ಉಳಿದ ಮೂರರಲ್ಲೂ ಇಳೀತದೆ, ಹಾಗಾಗಿ ನಾಲ್ಕೂ ಮೊಲೆಯ ಹಾಲು ಬಿಡಬೇಕು. ಕಾಯಿಸಿದರೂ ಔಷಧಿ ಪೂರ್ತಿ ಹೋಗೋದಿಲ್ಲ. ಮೊಸರು ಸರಿಯಾಗಿ ಹೆಪ್ಪಾಗದಿದ್ದರೆ ಇದೂ ಒಂದು ಕಾರಣವಿರಬಹುದು. ದಿನಕ್ಕೆ 10 ಲೀಟರ್ ಕೊಡೋ ಆಕಳಿಗೆ 3 ದಿನ ಇಂಜೆಕ್ಷನ್ ಅಂದರೆ ಸುಮಾರು 100 ಲೀಟರ್ ಹಾಲು ಹೋಯಿತು. ಸಂಕಟ ಆಗ್ತದೆ, ಗೊತ್ತು. ಹಾಗಂತ ಆ ಹಾಲನ್ನು ಡೇರಿ ಕ್ಯಾನಿಗೆ ಸುರಿದರೆ ಊರಿನ ಎಲ್ಲರ ಹಾಲೂ ಕೆಡ್ತದೆ. ಕರುವಿಗೂ ಬೇಡ.

ಈ ನಷ್ಟ ತಪ್ಪಿಸೋ ದಾರಿ ಅಂದರೆ ಮೊದಲ ಸಲವೇ ಸರಿಯಾದ ಔಷಧಿ ಆರಿಸೋದು. ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ಕೆಚ್ಚಲು ಬಾವು ಪದೇ ಪದೇ ಬರ್ತಿದ್ದರೆ ಹಾಲಿನ ಪರೀಕ್ಷೆ ಮಾಡಿಸಿಕೊಡಿ ಅಂತ ವೈದ್ಯರನ್ನು ಕೇಳಿ. ಹಾಲಿನ ಮಾದರಿಯನ್ನು ಇಂಜೆಕ್ಷನ್‌ಗಿಂತ ಮುಂಚೆಯೇ ತೆಗೀಬೇಕು. ಮೊಲೆತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ನಾಲ್ಕೈದು ಧಾರೆ ಚೆಲ್ಲಿ, ಆಮೇಲಿನದನ್ನು ಲ್ಯಾಬಿನ ಬಾಟಲಿಗೆ ಹಿಂಡಿ ಮುಚ್ಚಿ. ಬರ್ಫದ ಮೇಲಿಟ್ಟು ಅವತ್ತೇ ಕಳಿಸಿ.