ಎರಡಕ್ಷರದ ಉಮಾ

ಪರಸ್ಥಳದಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಹೆಣ್ಣುಮಗುವಿನ ನಾಮಕರಣ ಬಂದಿತೆಂದರೆ ಎರಡು ಪಕ್ಷಗಳಾಗುವುದುಂಟು. ಊರಿನಿಂದ ಬಂದ ಅಜ್ಜಿಗೆ ದೇವಿಯ ಹೆಸರೇ ಆಗಬೇಕು. ತಂದೆತಾಯಿಗಳಿಗೆ ಅನ್ಯಭಾಷಿಕರ ಬಾಯಲ್ಲಿ ಕೆಡದ ಚಿಕ್ಕ ಹೆಸರು ಬೇಕು. ‘ಉಮಾ’ ಎಂಬುದು ಇಬ್ಬರಿಗೂ ಒಪ್ಪುವ ಹೆಸರು. ನವರಾತ್ರಿಯಲ್ಲಿ ಲಲಿತಾಸಹಸ್ರನಾಮ ಪಠಿಸುವವರಿಗೆ ಇದು ಪರಿಚಿತವೇ. ಆದರೆ ಚಿಕ್ಕದೆಂಬ ಒಂದೇ ಕಾರಣಕ್ಕೆ ಇದನ್ನು ಆರಿಸಿದರೆ ಅದರ ಹಿರಿಮೆ ನಮ್ಮ ಕೈತಪ್ಪೀತು.

ಕೇನೋಪನಿಷತ್ತಿನ ಕಥೆಯನ್ನು ನೋಡಿರಿ. ಬ್ರಹ್ಮದ ಬಲದಿಂದ ಗೆದ್ದ ದೇವತೆಗಳು ಆ ಗೆಲುವು ತಮ್ಮದೇ ಎಂದು ಬೀಗುತ್ತಾರೆ. ಆಗ ಯಕ್ಷನೊಬ್ಬನು ಎದುರಿಗೆ ನಿಂತು ಒಂದು ಹುಲ್ಲುಕಡ್ಡಿಯನ್ನಿಡುತ್ತಾನೆ. ಅಗ್ನಿಗೆ ಅದನ್ನು ಸುಡಲಾಗದು, ವಾಯುವಿಗೆ ಅಲುಗಿಸಲಾಗದು. ಇಂದ್ರನು ಸಮೀಪಿಸಿದೊಡನೆ ಯಕ್ಷನು ಮಾಯವಾಗಿ, ಅದೇ ಆಕಾಶದಲ್ಲಿ ಉಮಾ ಹೈಮವತಿ ಕಾಣಿಸಿಕೊಂಡು ‘ಅದು ಬ್ರಹ್ಮ’ವೆಂದು ತಿಳಿಸುತ್ತಾಳೆ. ದೇವೇಂದ್ರನಿಗೇ ಪಾಠ ಹೇಳಿದವಳು ಆಕೆ! ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಆಕೆಯನ್ನು ವಿದ್ಯಾಸ್ವರೂಪಿಣಿಯೆಂದೇ ಗ್ರಹಿಸಿದ್ದಾರೆ.

ಕಾಳಿದಾಸನ ‘ಕುಮಾರಸಂಭವ’ದಲ್ಲಿ ಹೆಸರಿನ ಹುಟ್ಟು ಬೇರೊಂದು ಬಗೆಯದು. ತಪಸ್ಸಿಗೆ ಹೊರಟ ಮಗಳನ್ನು ತಾಯಿಯು ‘ಉ’ ಎಂದು ಕರೆದು ‘ಮಾ’, ಅಂದರೆ ಬೇಡ, ಎಂದು ತಡೆದಳಂತೆ. ಆ ನುಡಿಯೇ ಹೆಸರಾಯಿತು. ಹರಿವಂಶದಲ್ಲಿಯೂ ಈ ನಿರುಕ್ತಿ ಇದೆ. ಇದು ಭಾಷಾಶಾಸ್ತ್ರವಲ್ಲ, ಕವಿಸಮಯ. ಆದರೂ ತಾಯಿಯ ಅಕ್ಕರೆಯೂ ಮಗಳ ಹಟವೂ ಎರಡೇ ಅಕ್ಷರಗಳಲ್ಲಿ ಸೇರಿರುವುದು ನನಗೆ ಬಹಳ ಹಿಡಿಸುತ್ತದೆ. ಓಂಕಾರದ ಅ, ಉ, ಮ ವರ್ಣಗಳೇ ಇಲ್ಲಿ ಸ್ಥಾನ ಬದಲಿಸಿವೆ ಎಂದು ಶಾಕ್ತ ಉಪಾಸಕರು ಹೇಳುವುದೂ ಉಂಟು. ಸಂಸ್ಕೃತದಲ್ಲಿ ಅಗಸೆಗಿಡಕ್ಕೂ ಉಮಾ ಎಂದೇ ಹೆಸರು.

ಹೆಸರು ಹಳೆಯದೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ: ಕುಷಾಣ ದೊರೆ ಹುವಿಷ್ಕನ ಚಿನ್ನದ ನಾಣ್ಯವೊಂದರಲ್ಲಿ ಶಿವನ ಜೊತೆಗೆ ‘ಒಮ್ಮೊ’ ಎಂಬ ದೇವಿ ನಿಂತಿದ್ದಾಳೆ, ಅವಳು ಉಮೆಯೇ. ನಮ್ಮ ನಾಡಿನಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ರಾಣಿಯೊಬ್ಬಳು ಉಮಾದೇವಿ.

ಒಂದು ಆಕ್ಷೇಪಣೆ ಬರಬಹುದು. ಹೆಣ್ಣುಮಕ್ಕಳ ಹೆಸರು ಬೆಸಸಂಖ್ಯೆಯ ಅಕ್ಷರಗಳದಾಗಿರಬೇಕೆಂದು ಪಾರಸ್ಕರ ಗೃಹ್ಯಸೂತ್ರವು ವಿಧಿಸುತ್ತದೆ, ಉಮಾ ಎರಡಕ್ಷರದ್ದು. ಮನುವಾದರೋ ಅಕ್ಷರಗಳನ್ನು ಎಣಿಸುವುದಿಲ್ಲ. ಸುಲಭೋಚ್ಚಾರಣೆ, ಸ್ಪಷ್ಟಾರ್ಥ, ಮಂಗಳ, ಕೊನೆಯಲ್ಲಿ ದೀರ್ಘಸ್ವರ ಇವನ್ನಷ್ಟೇ ಕೇಳುತ್ತಾನೆ. ಜಗನ್ಮಾತೆಯೇ ಧರಿಸಿದ ಹೆಸರಿಗೆ ಲೆಕ್ಕದ ಕಟ್ಟು ಹಾಕುವುದು ಅತಿಯಾಯಿತು. ಸೂತ್ರವನ್ನು ಬಿಡಲಾರದವರು ‘ಉಮಾದೇವಿ’ ಎಂದರೆ ನಾಲ್ಕಾಗುವುದು, ಅದೂ ಸಮಸಂಖ್ಯೆಯೇ!

ತೊಟ್ಟಿಲ ಶಾಸ್ತ್ರದ ದಿನ ತಟ್ಟೆಯ ಅಕ್ಕಿಯಲ್ಲಿ ಬರೆಯುವಾಗ ಒಂದನ್ನು ಗಮನಿಸಬೇಕು. ಕನ್ನಡದ ಮಾತಿನಲ್ಲಿ ‘ಉಮ’ ಎಂದು ಹ್ರಸ್ವವಾಗುವುದು ಸಹಜ; ಬರಹದಲ್ಲಿ ಮಾತ್ರ ದೀರ್ಘ ಉಳಿಯಲಿ. ಅದು ಹೋದರೆ ಆ ತಾಯಿಯ ‘ಮಾ’ ಎಂಬ ನುಡಿಯೇ ಹೋಗುತ್ತದೆ.