ಸರ್ವರ್‌ನಲ್ಲಿ ಮೂರನೆಯವರಿಗೆ ಜಾಗ ಎಲ್ಲಿ?

ತಿಂಗಳ 20ನೇ ತಾರೀಕು, ಜಿಎಸ್‌ಟಿ ರಿಟರ್ನ್ಸ್ ಗಡಿಬಿಡಿ. ಆಡಿಟರ್ ಕಚೇರಿಯ ಸರ್ವರ್‌ನಲ್ಲಿ ಆಗಲೇ ಇಬ್ಬರಿದ್ದಾರೆ. ಮೂರನೆಯವರು ರಿಮೋಟ್ ಡೆಸ್ಕ್‌ಟಾಪ್ ತೆರೆದರೆ, ಒಳಗಿರುವ ಯಾರನ್ನಾದರೂ ಬಿಡಿಸಿ ಬನ್ನಿ ಎಂಬ ಸಂದೇಶ. ಸರ್ವರ್ ಕೆಟ್ಟಿಲ್ಲ. ಪ್ರತ್ಯೇಕ ಲೈಸೆನ್ಸ್ ಕೊಳ್ಳದಿದ್ದರೆ ವಿಂಡೋಸ್ ಸರ್ವರ್ ಏಕಕಾಲಕ್ಕೆ 2 ರಿಮೋಟ್ ಸೆಷನ್‌ಗಳನ್ನಷ್ಟೇ ಬಿಡುತ್ತದೆ. ಅವೂ ಸರ್ವರ್ ನೋಡಿಕೊಳ್ಳುವವರಿಗೇ ಹೊರತು ದಿನವಿಡೀ ಟ್ಯಾಲಿಯಲ್ಲಿ ಎಂಟ್ರಿ ಹಾಕುವವರಿಗಲ್ಲ.

ಮೊದಲು ಒಳಗೆ ಯಾರಿದ್ದಾರೆ ನೋಡಿ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಕ್ವೆರಿ ಯೂಸರ್’ ಕಮಾಂಡ್ ಕೊಟ್ಟರೆ ಹೆಸರು, ಐಡಿ ಸಂಖ್ಯೆ, ಸ್ಥಿತಿ, ಎಷ್ಟು ಹೊತ್ತಿನಿಂದ ಕೈ ಆಡಿಸಿಲ್ಲ ಎಂಬುದೆಲ್ಲ ಸಾಲಾಗಿ ಬರುತ್ತದೆ. ‘ಆ್ಯಕ್ಟಿವ್’ ಎಂದಿದ್ದೂ ಒಂದು ತಾಸಿನಿಂದ ಅಲುಗಾಡದ ಹೆಸರೇ ಸಾಮಾನ್ಯವಾಗಿ ಕಳ್ಳ. ವಿಂಡೋ ಮಿನಿಮೈಸ್ ಮಾಡಿ ಊಟಕ್ಕೆ ಹೋಗಿರುತ್ತಾರೆ. ‘ಡಿಸ್ಕ್’ ಎಂದಿದ್ದರೆ ಮೇಲಿನ ಇಂಟು ಗುರುತು ಒತ್ತಿ ಎದ್ದು ಹೋದವರು. ಅವರು ತೆರೆದ ಫೈಲುಗಳು ಹಾಗೇ ತೆರೆದಿರುತ್ತವೆ, ಮೆಮೊರಿಯನ್ನೂ ತಿನ್ನುತ್ತಿರುತ್ತವೆ.

‘ಲಾಗ್‌ಆಫ್’ ಎಂದು ಬರೆದು ಪಕ್ಕದಲ್ಲಿ ಆ ಐಡಿ ಹಾಕಿದರೆ ಸೆಷನ್ ಮುಗಿಯುತ್ತದೆ. ಆದರೆ ಅದಕ್ಕೂ ಮೊದಲು ಒಂದು ಫೋನ್ ಮಾಡಿ: ಸೇವ್ ಮಾಡದ ಎಕ್ಸೆಲ್ ಶೀಟ್ ಮರಳಿ ಸಿಗುವುದು ಕಷ್ಟ.

ದಿನಾ ಈ ಕಾಟ ಬೇಡವೆಂದರೆ ಗ್ರೂಪ್ ಪಾಲಿಸಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್ ಅಡಿಯ ‘ಸೆಷನ್ ಟೈಮ್ ಲಿಮಿಟ್ಸ್’ ತೆರೆಯಿರಿ. ಸುಮ್ಮನಿರುವ ಸೆಷನ್‌ಗೆ ಅರ್ಧ ಗಂಟೆ, ಡಿಸ್ಕನೆಕ್ಟ್ ಆದದ್ದಕ್ಕೆ ಎರಡು ಗಂಟೆ ಇಟ್ಟರೆ ಸಣ್ಣ ಕಚೇರಿಗೆ ಸಾಕು. ರಾತ್ರಿಯಿಡೀ ಏನಾದರೂ ಓಡುತ್ತಿರುವ ಸರ್ವರ್ ಆದರೆ ಎರಡನೆಯದನ್ನು ಮುಟ್ಟಬೇಡಿ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ನಿಜಕ್ಕೂ ಐದಾರು ಜನ ಕೆಲಸ ಮಾಡಬೇಕಿದ್ದರೆ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ಹಾಕಿಸಿ, ಕ್ಯಾಲ್ ಎಂಬ ಲೈಸೆನ್ಸ್ ಕೊಳ್ಳಲೇಬೇಕು. ಸಿಸ್ಟಂ ಫೈಲ್ ತಿದ್ದಿ ಮಿತಿ ತೆಗೆಯುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ಕಳಿಸಿ. ಅದು ಲೈಸೆನ್ಸ್ ಉಲ್ಲಂಘನೆ, ಮುಂದಿನ ಅಪ್‌ಡೇಟ್‌ಗೆ ಕೈಕೊಡುವುದೂ ಉಂಟು. ಕ್ಯಾಲ್ ಇಲ್ಲದೆಯೂ 120 ದಿನ ನಡೆಯುತ್ತದೆ. ಗಡುವು ಮುಗಿದ ಮೇಲೆ ಸಿಬ್ಬಂದಿ ಒಳಗೆ ಬರಲಾರರು.

ಪಾಳಿಯಲ್ಲಿ ಒಂದೇ ಕಂಪ್ಯೂಟರ್ ಹಂಚಿಕೊಳ್ಳುವವರಿಗೆ ಡಿವೈಸ್ ಕ್ಯಾಲ್, ಕಚೇರಿ, ಮನೆ ಎರಡೂ ಕಡೆಯಿಂದ ಬರುವವರಿಗೆ ಯೂಸರ್ ಕ್ಯಾಲ್ ಅಗ್ಗ. ಹಣ ಕೊಡುವ ಮೊದಲು ಸರ್ವರ್ ಡೊಮೇನ್‌ನಲ್ಲಿದೆಯೇ ಕೇಳಿ. ಬರೀ ವರ್ಕ್‌ಗ್ರೂಪ್‌ನಲ್ಲಿದ್ದರೆ 2019ರ ಆವೃತ್ತಿಯಿಂದೀಚೆಗೆ ಯೂಸರ್ ಕ್ಯಾಲ್ ನಡೆಯದು. 60 ನಿಮಿಷಕ್ಕೆ ಸೆಷನ್ ಕಡಿದುಹೋಗುತ್ತದೆ. ಅಂಥಲ್ಲಿ ಡಿವೈಸ್ ಕ್ಯಾಲನ್ನೇ ಬರೆಸಿ.