ಖಾಲಿ ಸೀಟಿಗೆ ರೇಟು ಎಷ್ಟು?

2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕಡೆಯಿಂದ ಒಂದು ಆಫರ್ ಬಂತು. ಎರಡು ಬಾಟ್ಲಿ ಕೋಕ್ ತಗೊಳ್ಳಿ, ಮಿನೆಸೋಟ ವಿರುದ್ಧದ ಫುಟ್‌ಬಾಲ್ ಪಂದ್ಯದ ಎರಡು ಟಿಕೆಟ್ ಒಯ್ಯಿರಿ. ಎರಡು ಬಾಟ್ಲಿಗೆ ಮೂರು ಡಾಲರ್ ಆಸುಪಾಸು. ಸುದ್ದಿ ಹಬ್ಬುತ್ತಿದ್ದಂತೆ ನಗೆಪಾಟಲಾಯಿತು, ಆಫರನ್ನು ಬೇಗನೆ ಹಿಂದಕ್ಕೆ ತಗೊಂಡರು. ಆಗ ಅಲ್ಲಿನ ಕ್ರೀಡಾ ನಿರ್ದೇಶಕರಾಗಿದ್ದವರು ಡೇವ್ ಬ್ರ್ಯಾಂಡನ್. ಆ ಹುದ್ದೆಗೆ ಬರುವ ಮುಂಚೆ ಅವರು ಡಾಮಿನೋಸ್ ಪಿಜ್ಜಾ ಕಂಪನಿಯ ಸಿಇಓ. ಕೂಪನ್ ವ್ಯಾಪಾರ ಅವರಿಗೆ ಹೊಸದೇನೂ ಅಲ್ಲ ಅಂತ ಜನ ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಇದರಲ್ಲಿ ನಗುವಂಥದ್ದೇನು ಎಂದು ನಮ್ಮವರಿಗೆ ಅನಿಸಬಹುದು. ನಮ್ಮಲ್ಲಿ ಅಂತರ್ ಕಾಲೇಜು ಪಂದ್ಯಕ್ಕೆ ಟಿಕೆಟ್ಟೇ ಇರಲ್ಲ. ನೋಡಲು ಬರುವವರು ತಂಡದ ರೂಮ್‌ಮೇಟ್‌ಗಳು, ಅಟೆಂಡೆನ್ಸ್ ಸಿಗುತ್ತೆ ಅಂತ ಬಂದವರು, ಮತ್ತೆ ಪಿ.ಇ. ಸರ್. ಅಲ್ಲಿ ಹಾಗಲ್ಲ. ಮಿಶಿಗನ್‌ನ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು, ನಮ್ಮ ಚಿನ್ನಸ್ವಾಮಿಯ ಮೂರು ಪಟ್ಟು ದೊಡ್ಡದು ಅಂದುಕೊಳ್ಳಿ. 1975ರ ನವೆಂಬರ್‌ನಿಂದ ಅಲ್ಲಿನ ಪ್ರತಿ ಪಂದ್ಯಕ್ಕೂ ಒಂದು ಲಕ್ಷಕ್ಕಿಂತ ಹೆಚ್ಚು ಪ್ರೇಕ್ಷಕರು ಎಂಬ ದಾಖಲೆ ಸತತವಾಗಿ ನಡೆದುಬಂದಿತ್ತು. ಸುಮಾರು ನಾಲ್ಕು ದಶಕದ ಆ ಸರಪಳಿ ಮುರಿಯಬಾರದು ಎಂಬ ಆತಂಕವೇ ಕೋಕ್ ಆಫರಿನ ಹಿಂದೆ ಇದ್ದದ್ದು ಎಂದು ಎಲ್ಲರೂ ಓದಿಕೊಂಡರು.

ಅಷ್ಟು ಜನ ಬರುತ್ತಿದ್ದ ಜಾಗಕ್ಕೆ ಈ ಗತಿ ಹೇಗೆ ಬಂತು? 2013ರಲ್ಲಿ ವಿದ್ಯಾರ್ಥಿಗಳ ಸೀಸನ್ ಟಿಕೆಟ್ ದರ ಏರಿಸಿದ್ದರು. 2014ರ ಹೊತ್ತಿಗೆ ಏಳು ಪಂದ್ಯಗಳ ಸೀಸನ್ ಟಿಕೆಟ್ 300 ಡಾಲರ್‌ಗೆ ಹತ್ತಿರ ಬಂದಿತ್ತು. ಅದರ ಜೊತೆಗೆ, ಸೀನಿಯರ್‌ಗಳಿಗೆ ಒಳ್ಳೆ ಸೀಟು ಎಂಬ ಹಳೆ ಪದ್ಧತಿ ತೆಗೆದು, ಮೊದಲು ಬಂದವರು ಮುಂದೆ ಕೂರಲಿ ಎಂದರು. ಮೂರು ವರ್ಷ ಹಿಂದಿನ ಸಾಲಿನಲ್ಲಿ ಕೂತು ಕಾದವರಿಗೆ ಫೈನಲ್ ಇಯರ್‌ನಲ್ಲಿ ಹೀಗೆ ಹೇಳಿದರೆ ಹೇಗಿರುತ್ತೆ, ಯೋಚಿಸಿ. 2014ರಲ್ಲಿ ವಿದ್ಯಾರ್ಥಿ ಟಿಕೆಟ್ ಮಾರಾಟ ಮೂರನೇ ಒಂದರಷ್ಟು ಕುಸಿಯಿತು.

ಆದರೆ ತಪ್ಪೆಲ್ಲ ದರದ್ದು ಎಂದು ತೀರ್ಪು ಕೊಡುವ ಮುನ್ನ ಇನ್ನೊಂದು ವಿಷಯ ನೋಡಬೇಕು. ಆ ವರ್ಷ ನಾತ್ರ್ ಡೇಮ್, ಮಿಶಿಗನ್ ಸ್ಟೇಟ್, ಒಹಾಯೊ ಸ್ಟೇಟ್ ಈ ಮೂರು ದೊಡ್ಡ ಎದುರಾಳಿಗಳ ಜೊತೆಗಿನ ಪಂದ್ಯಗಳು ಮೂರೂ ಹೊರ ಊರಲ್ಲಿದ್ದವು. ಮನೆಯಂಗಳದಲ್ಲಿ ಉಳಿದದ್ದು ಸಪ್ಪೆ ಪಂದ್ಯಗಳು. ತಂಡವೂ ಸೋಲುತ್ತಿತ್ತು, ಸೀಸನ್ ಮುಗಿದಾಗ ಗೆಲುವು 5, ಸೋಲು 7. ನಾತ್ರ್ ಡೇಮ್ ಎದುರು 31-0. ಇಂಥ ವರ್ಷದಲ್ಲಿ ದರ ಏರಿಸದಿದ್ದರೂ ಕುರ್ಚಿಗಳು ಖಾಲಿ ಬೀಳುತ್ತಿದ್ದವೇನೋ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಲೆಕ್ಕಕ್ಕೆ ಬರೋಣ. ನಾವೇ ಕಟ್ಟಿಕೊಂಡ ಒಂದು ಸಣ್ಣ ಮಾದರಿ ಇದು, ಯಾವ ಕಾಲೇಜಿನ ನಿಜವಾದ ಅಂಕಿಅಂಶವೂ ಅಲ್ಲ. 10,000 ಸೀಟಿನ ಒಂದು ಅಂಗಣ. ಟಿಕೆಟ್ ಫ್ರೀ ಇದ್ದರೆ ಎಲ್ಲ ತುಂಬುತ್ತೆ, ಬೆಲೆ ಒಂದೊಂದು ಡಾಲರ್ ಏರಿದಂತೆ 200 ಜನ ಬರೋದು ಬಿಡುತ್ತಾರೆ. ಅಂದರೆ:

ಜನ = 10,000 − 200 × ಬೆಲೆ

50 ಡಾಲರ್ ಇಟ್ಟರೆ ಒಬ್ಬನೂ ಬರಲ್ಲ. ಫ್ರೀ ಬಿಟ್ಟರೆ ಅಂಗಣ ತುಂಬುತ್ತೆ, ದುಡ್ಡು ಸೊನ್ನೆ. ಆದಾಯ ಎಂದರೆ ಬೆಲೆ ಇಂಟು ಜನ, ಅದು ಗರಿಷ್ಠವಾಗೋದು ನಡುಮಧ್ಯೆ, 25 ಡಾಲರ್‌ನಲ್ಲಿ. ಇ.ಸಿ. ಮತ್ತು ಇ.ಇ.ಯವರಿಗೆ ಇದು ಹಳೆ ಪರಿಚಯ: ಒಳಗೇ ರೆಸಿಸ್ಟೆನ್ಸ್ ಇರುವ ಸೋರ್ಸಿನಿಂದ ಹೆಚ್ಚಿನ ಪವರ್ ಸಿಗೋದು ಓಪನ್ ಸರ್ಕ್ಯೂಟ್ ವೋಲ್ಟೇಜಿನ ಅರ್ಧದಲ್ಲಿ. ವೋಲ್ಟೇಜ್ ಜಾಗದಲ್ಲಿ ಬೆಲೆ, ಕರೆಂಟ್ ಜಾಗದಲ್ಲಿ ಜನ. ಗ್ರಾಫ್ ಅದೇ ಉಲ್ಟಾ ಬೋಗುಣಿ. 25 ಡಾಲರ್‌ಗೆ 5,000 ಜನ, 1,25,000 ಡಾಲರ್. ಅರ್ಧ ಅಂಗಣ ಖಾಲಿ, ಆದರೂ ಟಿಕೆಟ್ ಕೌಂಟರಿನ ಲೆಕ್ಕದಲ್ಲಿ ಇದೇ ಸರಿ.

ಆದರೆ ಬಂದವರು ಸುಮ್ಮನೆ ಕೂರಲ್ಲ. ಪಾರ್ಕಿಂಗಿಗೆ ದುಡ್ಡು ಕೊಡುತ್ತಾರೆ, ಹಾಟ್ ಡಾಗ್ ತಿಂತಾರೆ, ಟೋಪಿ ಕೊಳ್ಳುತ್ತಾರೆ. ತಲೆಗೆ 10 ಡಾಲರ್ ಲಾಭ ಅಂತ ಇಟ್ಟುಕೊಳ್ಳಿ. ಈಗ ಒಬ್ಬ ಪ್ರೇಕ್ಷಕನ ಬೆಲೆ ಟಿಕೆಟ್ ಜೊತೆಗೆ ಹತ್ತು. 25 ಡಾಲರ್‌ನಲ್ಲಿ ಒಟ್ಟು 1,75,000. ಟಿಕೆಟ್ 20ಕ್ಕಿಳಿಸಿದರೆ 6,000 ಜನ, ತಲೆಗೆ 30, ಒಟ್ಟು 1,80,000. ಗರಿಷ್ಠ ಬಿಂದು 25ರಿಂದ 20ಕ್ಕೆ ಜಾರಿತು. ಟಿಕೆಟ್ ಆದಾಯವನ್ನಷ್ಟೇ ನೋಡುವವನಿಗೆ ಇದು ಐದು ಸಾವಿರ ನಷ್ಟ, ಪೂರ್ತಿ ಲೆಕ್ಕ ನೋಡುವವನಿಗೆ ಐದು ಸಾವಿರ ಲಾಭ. ಕ್ರೀಡಾ ಅರ್ಥಶಾಸ್ತ್ರದವರು ಬಹಳ ದಿನದಿಂದ ಗಮನಿಸಿರುವ ಒಂದು ವಿಚಿತ್ರಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ತಂಡಗಳು ಟಿಕೆಟ್ ಆದಾಯ ಗರಿಷ್ಠವಾಗುವ ಮಟ್ಟಕ್ಕಿಂತ ಕಡಿಮೆ ದರ ಇಟ್ಟಿರುವಂತೆ ಕಾಣುತ್ತೆ, ಯಾಕೆಂದರೆ ಅವರ ಅಂಗಡಿ ಗೇಟಿನ ಒಳಗೂ ಇದೆ.

ನಮಗೆ ಹೆಚ್ಚು ಇಷ್ಟವಾದ ಭಾಗ ಇದರ ಮುಂದಿನದು. ಬೆಲೆಯನ್ನು 20ರಿಂದ ಇನ್ನೂ ಇಳಿಸಿ 15 ಮಾಡಿ. ಜನ 7,000, ತಲೆಗೆ 25, ಒಟ್ಟು ಮತ್ತೆ 1,75,000. ಅಂದರೆ 5,000 ಡಾಲರ್ ಕಳೆದುಕೊಂಡು ಒಂದು ಸಾವಿರ ಜನರನ್ನು ಒಳಗೆ ತಂದಿರಿ, ತಲೆಗೆ ಬರೀ 5 ಡಾಲರ್ ಖರ್ಚಿನಲ್ಲಿ. ಬೋಗುಣಿಯ ತುದಿ ಚಪ್ಪಟೆಯಾಗಿರೋದರಿಂದ ಅಲ್ಲಿಂದ ಒಂದು ಹೆಜ್ಜೆ ಈಚೆ ಬಂದರೆ ಬೀಳೋದು ಸ್ವಲ್ಪವೇ. ಆದರೆ 15ರಿಂದ 10ಕ್ಕೆ ಇಳಿದು ನೋಡಿ: 8,000 ಜನ, 1,60,000 ಡಾಲರ್. ಈ ಎರಡನೇ ಸಾವಿರ ಜನರಿಗೆ ತಗುಲಿದ ಖರ್ಚು 15,000. ಮೊದಲ ಹೆಜ್ಜೆಯ ಮೂರು ಪಟ್ಟು. ರಿಯಾಯಿತಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ವ್ಯರ್ಥ ಅಂತ ನಮಗನಿಸೋದು ಇದಕ್ಕೇ. ನೀವು ಗ್ರಾಫಿನ ಮೇಲೆ ಎಲ್ಲಿ ನಿಂತು ಇಳಿಸುತ್ತಿದ್ದೀರಿ ಅನ್ನೋದೇ ಮುಖ್ಯ.

ಇನ್ನೊಂದು ಉಪಾಯ, ಎಲ್ಲರಿಗೂ ಇಳಿಸದೆ, ಇಲ್ಲದಿದ್ದರೆ ಬರದೇ ಇರುವವರಿಗೆ ಮಾತ್ರ ಇಳಿಸೋದು. 25 ಕೊಡುವ 5,000 ಜನ ಹಾಗೇ ಕೊಡಲಿ, ಹೊಸ 3,000 ಜನಕ್ಕೆ 10 ಡಾಲರ್. ಆಗ ಹೊಸಬರಿಂದ 60,000 ಡಾಲರ್ ಹೆಚ್ಚುವರಿ. ಕೇಳೋಕೆ ಚೆನ್ನಾಗಿದೆ. ಆದರೆ ಈ ವ್ಯವಸ್ಥೆ ಸೋರುತ್ತೆ. ಹಳಬನೊಬ್ಬ ಅಗ್ಗದ ಸಾಲಿಗೆ ಜಾರಿದರೆ 15 ಡಾಲರ್ ಹೋಯಿತು. 4,000 ಹಳಬರು ಜಾರಿದರೆ ಬಂದ ಲಾಭವೆಲ್ಲ ಸೊನ್ನೆ. ಹಾಗಾಗಿ ಜರಡಿ ಬೇಕು. ಕಾಲೇಜ್ ಐ.ಡಿ. ಕಾರ್ಡ್ ಒಳ್ಳೆ ಜರಡಿ, ಅದನ್ನು ಅಂಕಲ್‌ಗಳು ತೋರಿಸೋಕಾಗಲ್ಲ. ಕೋಕ್ ಬಾಟ್ಲಿ ಜರಡಿಯೇ ಅಲ್ಲ, ಯಾರು ಬೇಕಾದರೂ ಕೊಳ್ಳಬಹುದು. ಪೂರ್ತಿ ದುಡ್ಡು ಕೊಟ್ಟು ಸೀಸನ್ ಟಿಕೆಟ್ ತಗೊಂಡವನು ಬಾಟ್ಲಿ ಹಿಡಿದು ಪಕ್ಕದಲ್ಲಿ ಕೂತವನನ್ನು ನೋಡಿ, ಮುಂದಿನ ವರ್ಷ ನಾನೂ ಕಾಯ್ತೀನಿ ಅಂದುಕೊಂಡರೆ ಅದು ಈ ವರ್ಷದ ಲೆಕ್ಕದಲ್ಲಿ ಕಾಣಲ್ಲ. ಸೀರೆ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಅವರು ಆಷಾಢದಲ್ಲಿ ಮಾತ್ರ ಡಿಸ್ಕೌಂಟ್ ಬೋರ್ಡ್ ಹಾಕೋದು.

ಮಿಶಿಗನ್ ವಿಶ್ವವಿದ್ಯಾಲಯದಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿ ಇಪ್ಸಿಲಾಂಟಿ ಎಂಬ ಊರು. ಅಲ್ಲಿ ಈಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯ. ಅಲ್ಲೂ ಕಥೆಯಲ್ಲಿ ತಂಪು ಪಾನೀಯವೇ ಬರುತ್ತೆ, ಆದರೆ ರುಚಿ ಬೇರೆ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯಲ್ಲಿ ಒಂದು ನಿಯಮವಿತ್ತು. ಫುಟ್‌ಬಾಲಿನ ಅತಿ ಮೇಲಿನ ದರ್ಜೆಯಲ್ಲಿ ಉಳಿಯಬೇಕಾದರೆ ತವರು ಪಂದ್ಯಗಳಿಗೆ ಸರಾಸರಿ 15,000 ಹಾಜರಿ ಇರಬೇಕು, ಎರಡು ವರ್ಷಕ್ಕೊಮ್ಮೆಯಾದರೂ. ಹಾಜರಿ ಎಂದರೆ ಬಂದ ತಲೆಗಳೇ ಆಗಬೇಕಿಲ್ಲ, ಮಾರಾಟವಾದ ಟಿಕೆಟ್ಟೂ ಸಾಕು. ಅತಿ ಹೆಚ್ಚಿನ ದರದ ಮೂರನೇ ಒಂದಕ್ಕಾದರೂ ಮಾರಿದ್ದರೆ ಅದು ಲೆಕ್ಕಕ್ಕೆ ಬರುತ್ತಿತ್ತು. ಈಸ್ಟರ್ನ್ ಮಿಶಿಗನ್ ಅಂಗಣಕ್ಕೆ ನಿಜವಾಗಿ ಬರುತ್ತಿದ್ದವರು ಆ ಸಂಖ್ಯೆಗಿಂತ ಬಹಳ ಕಡಿಮೆ. ಅವರು ಪೆಪ್ಸಿ ವಿತರಣೆ ಒಪ್ಪಂದದಿಂದ ಬಂದ 1,50,000 ಡಾಲರ್ ತೆಗೆದು, ತಮ್ಮದೇ ಟಿಕೆಟ್‌ಗಳನ್ನು ತಲಾ 3 ಡಾಲರಿನಂತೆ ತಾವೇ ಕೊಂಡುಕೊಂಡರು. ಭಾಗಿಸಿ ನೋಡಿ, 50,000 ಟಿಕೆಟ್. ಪ್ರಾಕ್ಸಿ ಅಟೆಂಡೆನ್ಸ್ ನಮ್ಮ ಕ್ಲಾಸಿನಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆವು!

ನಗು ಬರುತ್ತೆ ನಿಜ, ಆದರೆ ದುಡ್ಡು ಯಾರದ್ದು ಎಂದು ಕೇಳಿದರೆ ನಗು ನಿಲ್ಲುತ್ತೆ. ಮಿಶಿಗನ್‌ನಂಥ ದೈತ್ಯರನ್ನು ಬಿಟ್ಟರೆ ಬಹಳಷ್ಟು ವಿಶ್ವವಿದ್ಯಾಲಯಗಳ ಕ್ರೀಡಾ ಇಲಾಖೆ ತನ್ನ ಸಂಪಾದನೆಯಲ್ಲಿ ನಡೆಯಲ್ಲ. ವಿದ್ಯಾರ್ಥಿಗಳ ಶುಲ್ಕ, ವಿಶ್ವವಿದ್ಯಾಲಯದ ಸಾಮಾನ್ಯ ನಿಧಿ, ಅಲ್ಲಿಂದ ಹರಿದು ಬರಬೇಕು. ಟಿಕೆಟ್ ಫ್ರೀ ಎಂದು ಕೊಟ್ಟಾಗಲೂ ಅದರ ಬೆಲೆ ಫೀಸಿನ ರಸೀದಿಯಲ್ಲಿ ಎಲ್ಲೋ ಕೂತಿರುತ್ತೆ, ಪಂದ್ಯ ನೋಡದವನೂ ಅದನ್ನು ಕಟ್ಟಿರುತ್ತಾನೆ. ಪಾರ್ಟ್‌ಟೈಮ್ ಕೆಲಸ ಮಾಡಿ ಫೀಸು ಕಟ್ಟುವ ಹುಡುಗಿಗೆ ಶನಿವಾರ ಮಧ್ಯಾಹ್ನದ ಫ್ರೀ ಟಿಕೆಟ್ ಏನು ಪ್ರಯೋಜನ, ಅವಳ ಶಿಫ್ಟ್ ಆಗಲೇ ಇದ್ದರೆ? 2016ರಲ್ಲಿ ಈಸ್ಟರ್ನ್ ಮಿಶಿಗನ್‌ನ ಅಧ್ಯಾಪಕರು, ವಿದ್ಯಾರ್ಥಿಗಳ ಕಡೆಯಿಂದ ಬಂದ ವರದಿಯೊಂದು ಫುಟ್‌ಬಾಲಿಗೆ ಸುರಿಯುವ ದುಡ್ಡು ಸಾಕು, ಆ ದರ್ಜೆಯಿಂದ ಇಳಿಯೋಣ ಎಂದಿತು. ಆಡಳಿತ ಒಪ್ಪಲಿಲ್ಲ. ಹಾಜರಿ ನಿಯಮವನ್ನೇ 2023ರಲ್ಲಿ ಎನ್‌ಸಿಎಎ ಕೈಬಿಟ್ಟಿತು.

ಮಾರಿದ ಟಿಕೆಟ್ ಬೇರೆ, ಬಂದ ಜನ ಬೇರೆ. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2017ರ ಸೀಸನ್ನಿನ ಗೇಟ್ ಸ್ಕ್ಯಾನ್ ಅಂಕಿಗಳನ್ನು ತರಿಸಿ ನೋಡಿದಾಗ, ಕಾಲೇಜುಗಳು ಘೋಷಿಸಿದ ಹಾಜರಿಯ ಸರಾಸರಿ 71 ಶೇಕಡಾ ಮಾತ್ರ ಸ್ಕ್ಯಾನ್ ಆಗಿತ್ತು. ಪುಕ್ಕಟೆ ಟಿಕೆಟ್ಟಿನ ಪಾಡು ಇನ್ನೂ ಕಷ್ಟ. ಮುನ್ನೂರು ಡಾಲರ್ ಕೊಟ್ಟವನು ಮಳೆ ಬಂದರೂ ದುಡ್ಡು ದಂಡ ಆಗಬಾರದು ಅಂತ ಬರುತ್ತಾನೆ. ಫ್ರೀಯಾಗಿ ಸಿಕ್ಕವನು ಮೋಡ ನೋಡಿಯೇ ಹೊದ್ದು ಮಲಗುತ್ತಾನೆ.

ಹಾಗಾದರೆ ಫ್ರೀ ಕೊಟ್ಟೂ ತುಂಬಿಸಿದ ಜಾಗವೇ ಇಲ್ಲವೇ? ಇದೆ. ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಅಂಗಣ, ಕ್ಯಾಮರನ್ ಇಂಡೋರ್ ಸ್ಟೇಡಿಯಂ. ಬರೀ 9,314 ಸೀಟು. ಕೋರ್ಟಿಗೆ ತಾಗಿದಂತಿರುವ ಬೆಂಚುಗಳು ವಿದ್ಯಾರ್ಥಿಗಳಿಗೆ ಮೀಸಲು, ದುಡ್ಡಿಲ್ಲ. ಆದರೆ ನಾರ್ತ್ ಕ್ಯಾರಲೈನ ವಿರುದ್ಧದ ಪಂದ್ಯಕ್ಕೆ ಒಳಗೆ ಹೋಗಬೇಕಾದರೆ ಅಂಗಣದ ಮುಂದಿನ ಹುಲ್ಲಿನ ಮೇಲೆ ವಾರಗಟ್ಟಲೆ ಟೆಂಟ್ ಹಾಕಿ ಕಾಯಬೇಕು, ಅದೂ ಜನವರಿಯ ಚಳಿಯಲ್ಲಿ. ಗುಂಪಿಗೆ ಹನ್ನೆರಡು ಜನ, ಪಾಳಿ ಹಾಕಿಕೊಂಡು ಇರುತ್ತಾರೆ. ತಪಾಸಣೆ ಹೊತ್ತಿನಲ್ಲಿ ಟೆಂಟಿನಲ್ಲಿ ಇರಬೇಕಾದಷ್ಟು ಜನ ಇಲ್ಲದಿದ್ದರೆ ಸರದಿ ಹೋಯಿತು. 1986ರಿಂದ ನಡೆದುಬಂದಿರುವ ಈ ಟೆಂಟೂರಿಗೆ ಕೋಚ್ ಮೈಕ್ ಶಶೆಫ್‌ಸ್ಕಿ ಅವರ ಹೆಸರೇ ಇದೆ. ಅಲ್ಲಿ ಬೆಲೆ ಇಲ್ಲ ಅನ್ನೋಕಾಗಲ್ಲ. ಡಾಲರ್ ಬದಲು ನಿದ್ದೆಯಲ್ಲಿ ಕಟ್ಟಬೇಕು. ಜರಡಿಯಾಗಿ ಇದಕ್ಕಿಂತ ಬಿಗಿಯಾದದ್ದು ಇಲ್ಲ, ಆಟದ ಹುಚ್ಚಿಲ್ಲದವನು ಮೊದಲ ರಾತ್ರಿಯೇ ಜಾಗ ಖಾಲಿ ಮಾಡುತ್ತಾನೆ. ಆದರೆ ಎಲ್ಲರಿಗೂ ಈ ಮಾದರಿ ಆಗಿಬರಲ್ಲ. ಸೀಟು ಕಡಿಮೆ, ತಂಡ ಬಲಿಷ್ಠ, ಎರಡೂ ಇದ್ದರೆ ಮಾತ್ರ ಕ್ಯೂ ಹುಟ್ಟುತ್ತೆ.

ಮಿಶಿಗನ್‌ಗೆ ಮರಳೋಣ. ಮಿನೆಸೋಟ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದ ಆಟಗಾರನನ್ನು ಮತ್ತೆ ಆಡಲು ಬಿಟ್ಟ ವಿಚಾರಕ್ಕೆ ವಿದ್ಯಾರ್ಥಿಗಳು ಸಿಡಿದೆದ್ದರು, ಕುಲಪತಿಗಳ ಮನೆ ಮುಂದೆ ಸೇರಿದರು. ಅಕ್ಟೋಬರ್ ಕೊನೆಗೆ ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. 2015ಕ್ಕೆ ವಿದ್ಯಾರ್ಥಿಗಳ ಸೀಸನ್ ಟಿಕೆಟ್ 175 ಡಾಲರ್‌ಗೆ ಇಳಿಯಿತು. ಬೇಡಿಕೆ ಮತ್ತೆ ಏರಿತು. ರಿಯಾಯಿತಿ ಗೆದ್ದಿತು ಎನ್ನೋಣವೇ? ಅಷ್ಟರೊಳಗೆ, 2014ರ ಡಿಸೆಂಬರ್ ಕೊನೆಯಲ್ಲಿ, ಜಿಮ್ ಹಾರ್ಬೋ ಕೋಚ್ ಆಗಿ ಬಂದಿದ್ದರು. ಅದೇ ಕಾಲೇಜಿನ ಹಳೆ ಕ್ವಾರ್ಟರ್‌ಬ್ಯಾಕ್, ಊರಿಗೆ ಊರೇ ಕುಣಿದಿತ್ತು. ಮಿಶಿಗನ್ ಸ್ಟೇಟ್, ಒಹಾಯೊ ಸ್ಟೇಟ್ ತಂಡಗಳೂ ಆ ವರ್ಷ ಆನ್ ಆರ್ಬರಿಗೇ ಬಂದವು. ಲ್ಯಾಬಿನಲ್ಲಿ ಮೂರು ನಾಬ್ ಒಟ್ಟಿಗೆ ತಿರುಗಿಸಿ ರೀಡಿಂಗ್ ಬದಲಾಯಿತು ಎಂದರೆ ವೈವಾದಲ್ಲಿ ಏನಾಗುತ್ತೆ ಗೊತ್ತಲ್ಲ.

ಒಂದೇ ನಾಬ್ ತಿರುಗಿಸೋದು ಈಗ ಕಷ್ಟವಿಲ್ಲ, ಟಿಕೆಟ್ ಎಲ್ಲ ಫೋನಿನಲ್ಲೇ ಇದೆ. ಹಾಸ್ಟೆಲ್ ಬ್ಲಾಕ್‌ಗಳಲ್ಲಿ ಚೀಟಿ ಎತ್ತಿ ಅರ್ಧಕ್ಕೆ ಮಾತ್ರ ರಿಯಾಯಿತಿ ಕೋಡ್ ಕಳಿಸಬಹುದು, ಉಳಿದರ್ಧಕ್ಕೆ ಮಾಮೂಲಿ ದರ. ತಂಡ ಅದೇ, ಮಳೆ ಅದೇ, ಎದುರಾಳಿ ಅದೇ. ಎರಡು ಗುಂಪಿನ ವ್ಯತ್ಯಾಸ ಬೆಲೆಯದ್ದೇ. ಎಣಿಸಬೇಕಾದದ್ದು ಮಾರಾಟವನ್ನಲ್ಲ, ಗೇಟಿನ ಸ್ಕ್ಯಾನನ್ನು. ಅದಕ್ಕಿಂತ ಮುಖ್ಯವಾಗಿ, ಮೂರು ವಾರ ಬಿಟ್ಟು ಎಲ್ಲರಿಗೂ ಪೂರ್ತಿ ದರ ಇರುವ ಇನ್ನೊಂದು ಪಂದ್ಯ ಬಂದಾಗ, ಅಗ್ಗದಲ್ಲಿ ಬಂದಿದ್ದ ಆ ಬ್ಲಾಕಿನವರು ಎಷ್ಟು ಜನ ಸ್ವಂತ ದುಡ್ಡು ಕೊಟ್ಟು ವಾಪಸ್ ಬಂದರು ಎಂದು ನೋಡಬೇಕು.